ಹೆಬ್ಬೆರಳಲ್ಲಿ ಹಾಡು: 'ವೈಲ್ಡ್‌ವುಡ್ ಫ್ಲವರ್' ನಾನು ಕಲಿತ ಬಗೆ

ಗಿಟಾರ್ ಹಿಡಿದವರೆಲ್ಲ ಮೊದಲು ನಾಲ್ಕು ಕಾರ್ಡ್ (ಹಲವು ಸ್ವರ ಒಟ್ಟಿಗೆ ಮೊಳಗುವ ಬೆರಳ ಹಿಡಿತ) ಕಲಿತು, ತಂತಿಗಳನ್ನೆಲ್ಲ ಒಟ್ಟಿಗೆ ಬಾಚಿ ಸ್ಟ್ರಮ್ ಮಾಡುತ್ತಾ ಹಾಡುತ್ತಾರೆ. ನಾನೂ ಬಹಳ ಕಾಲ ಅಷ್ಟರಲ್ಲೇ ಖುಷಿಯಾಗಿದ್ದೆ. ಆಮೇಲೆ ಹಳೆಯ ಅಮೆರಿಕನ್ ಕಂಟ್ರಿ ಹಾಡುಗಳ ಹುಚ್ಚು ಹಿಡಿಯಿತು. ಅದರಲ್ಲೂ ಕಾರ್ಟರ್ ಫ್ಯಾಮಿಲಿಯ 'ವೈಲ್ಡ್‌ವುಡ್ ಫ್ಲವರ್' ಕೇಳಿದಾಗ ಒಂದು ವಿಷಯ ತಲೆಯಿಂದ ಹೋಗಲೇ ಇಲ್ಲ. ನುಡಿಸುತ್ತಿರುವುದು ಒಂದೇ ಗಿಟಾರ್. ದಪ್ಪ ತಂತಿಗಳಲ್ಲಿ ಹಾಡಿನ ಮಟ್ಟು ಸ್ಪಷ್ಟವಾಗಿ ಕೇಳುತ್ತದೆ. ತೆಳು ತಂತಿಗಳಲ್ಲಿ ತಾಳ ಕೇಳುತ್ತದೆ. ಎರಡೂ ಒಂದೇ ಕೈಯಿಂದ, ಒಂದೇ ಹೊತ್ತಿಗೆ! ಇದನ್ನು ಕಲಿಯಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಆ ಕೈ ಮೇಬೆಲ್ ಕಾರ್ಟರ್ ಅವರದು. ಕಾರ್ಟರ್ ಫ್ಯಾಮಿಲಿ ಅಂದರೆ ಮೂವರು: ಎ.ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ಮತ್ತು ಎ.ಪಿ.ಯ ತಮ್ಮನ ಹೆಂಡತಿ ಮೇಬೆಲ್. ಮೇಬೆಲ್ ಮತ್ತು ಸಾರಾ ಕಸಿನ್‌ಗಳೂ ಹೌದು. ವರ್ಜೀನಿಯಾದ ಬೆಟ್ಟದ ಸೀಮೆಯವರು. 1927ರ ಆಗಸ್ಟ್‌ನಲ್ಲಿ ಟೆನೆಸ್ಸಿ ಮತ್ತು ವರ್ಜೀನಿಯಾದ ಗಡಿಯ ಮೇಲಿರುವ ಬ್ರಿಸ್ಟಲ್ ಪಟ್ಟಣದಲ್ಲಿ ರಾಲ್ಫ್ ಪಿಯರ್ ಎಂಬುವರು ವಿಕ್ಟರ್ ರೆಕಾರ್ಡ್ ಕಂಪನಿಗಾಗಿ ಹಾಡುಗಾರರನ್ನು ಹುಡುಕುತ್ತಿದ್ದರು. ಇವರ ಮೊದಲ ರೆಕಾರ್ಡಿಂಗ್ ಆಗಿದ್ದು ಅಲ್ಲೇ. ಮೇಬೆಲ್‌ಗೆ ಆಗ 18 ವರ್ಷ, ತುಂಬು ಗರ್ಭಿಣಿ. ಮರುವರ್ಷ, 1928ರ ಮೇ ತಿಂಗಳಲ್ಲಿ, ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ 'ವೈಲ್ಡ್‌ವುಡ್ ಫ್ಲವರ್' ರೆಕಾರ್ಡ್ ಆಯಿತು. ಹಾಡಿದ್ದು ಸಾರಾ, ಗಿಟಾರ್ ಮೇಬೆಲ್.

ಹಾಡು ಅವರು ಹೊಸದಾಗಿ ಕಟ್ಟಿದ್ದಲ್ಲ. 1860ರಲ್ಲಿ ಅಚ್ಚಾದ, ಜೋಸೆಫ್ ಫಿಲ್ಬ್ರಿಕ್ ವೆಬ್‌ಸ್ಟರ್ ರಾಗ ಹಾಕಿದ ಹಾಡು ಅದು. ಬಾಯಿಂದ ಬಾಯಿಗೆ ಹರಿದು ಬೆಟ್ಟದ ಮನೆಗಳನ್ನು ತಲುಪುವಷ್ಟರಲ್ಲಿ ಸಾಹಿತ್ಯದಲ್ಲಿ ಹೂಗಳ ಹೆಸರುಗಳೆಲ್ಲ ಕಲಸಿಹೋಗಿದ್ದವು. ಕಥೆ ಮಾತ್ರ ಉಳಿದಿದೆ. ಮುಡಿಗೆ ಹೂ ಮುಡಿದ ಹುಡುಗಿ, ಬಿಟ್ಟುಹೋದ ಪ್ರಿಯಕರ, ಆದರೂ ನಕ್ಕು ನಲಿಯುತ್ತೇನೆ ಎನ್ನುವ ಅವಳ ಹಟ. ನಮ್ಮ ಜನಪದ ಹಾಡುಗಳನ್ನು ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ, ಅಲ್ವಾ?

ಈಗ ಕಲಿತ ವಿಷಯಕ್ಕೆ ಬರುತ್ತೇನೆ.

ಅಂತರ್ಜಾಲದಲ್ಲಿ ಈ ಹಾಡಿನ ಟ್ಯಾಬ್ ಬೇಕಾದಷ್ಟು ಸಿಗುತ್ತದೆ. ಯಾವ ತಂತಿ, ಎಷ್ಟನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡ ಸರಿಗೆಗಳು ಮಾಡಿದ ಮನೆ) ಎಂದು ಅಂಕಿಗಳಲ್ಲಿ ಬರೆದಿರುತ್ತಾರೆ. ನಾನು ಅದನ್ನು ಪಕ್ಕಕ್ಕಿಟ್ಟು ಮೊದಲು ಹಾಡನ್ನು ಬಾಯಲ್ಲಿ ಕೂರಿಸಿಕೊಂಡೆ. ಚಿಕ್ಕಂದಿನಲ್ಲಿ ಸರಳೆ ವರಸೆ, ಜಂಟಿ ವರಸೆ ಹೇಳಿಕೊಂಡಿದ್ದವರಿಗೆ ಇದು ದೊಡ್ಡ ಅನುಕೂಲ. ಸಿ ಕಾರ್ಡಿನ ಸಿ ಸ್ವರವನ್ನೇ ಷಡ್ಜ ಅಂದುಕೊಳ್ಳಿ. ಹಾಡು ಪೂರ್ತಿ ಶಂಕರಾಭರಣದ ಸ್ವರಗಳಲ್ಲೇ ಬರುತ್ತದೆ, ಗಮಕ ಇಲ್ಲದೆ ನೇರವಾಗಿ. 'ಗ ಮ' ಎಂದು ಎತ್ತಿಕೊಂಡು 'ಪ' ಮೇಲೆ ತಾಳದ ಮೊದಲ ಪೆಟ್ಟು ಬೀಳುತ್ತದೆ. ಅಲ್ಲಿಂದ ಸ್ವಲ್ಪ ಆಡಿಕೊಂಡು, ಇಳಿಯುತ್ತಾ ಬಂದು ಕೆಳಗಿನ ಷಡ್ಜದಲ್ಲಿ ನಿಲ್ಲುತ್ತದೆ. ಎರಡನೇ ಸಾಲೂ ಅದೇ ಮಟ್ಟು. ಮೂರನೇ ಸಾಲು ಮೇಲಿನ ಷಡ್ಜ ದಾಟಿ ಮೇಲಿನ ಗಾಂಧಾರದವರೆಗೆ ಏರುತ್ತದೆ. ನಾಲ್ಕನೆಯದು ಮತ್ತೆ ಕೆಳಗಿಳಿದು ಮನೆ ಸೇರುತ್ತದೆ.

ಹೀಗೆ ಸ್ವರ ಹಾಕಿಕೊಂಡ ಮೇಲೆ ಗಿಟಾರ್ ನೋಡಿದರೆ ಮಜಾ ಶುರು. ಅತಿ ತೆಳು ತಂತಿಯಿಂದ ಎಣಿಸಿದರೆ ಐದನೇ ತಂತಿಯ ಮೂರನೇ ಫ್ರೆಟ್ ಷಡ್ಜ. ನಾಲ್ಕನೇ ತಂತಿಯನ್ನು ಸುಮ್ನೆ ತೆರೆದು ಮೀಟಿದರೆ ರಿಷಭ, ಅದರ ಎರಡನೇ ಫ್ರೆಟ್ ಗಾಂಧಾರ, ಮೂರನೆಯದು ಮಧ್ಯಮ. ಮೂರನೇ ತಂತಿ ತೆರೆದರೆ ಪಂಚಮ, ಎರಡನೇ ಫ್ರೆಟ್‌ನಲ್ಲಿ ಧೈವತ. ಎರಡನೇ ತಂತಿ ತೆರೆದರೆ ನಿಷಾದ, ಮೊದಲ ಫ್ರೆಟ್‌ನಲ್ಲಿ ಮೇಲಿನ ಷಡ್ಜ. ಒಂದನೇ ತಂತಿ ತೆರೆದರೆ ಮೇಲಿನ ಗಾಂಧಾರ. ಅಂದರೆ ಇಡೀ ಹಾಡು ಮೊದಲ ಮೂರು ಫ್ರೆಟ್‌ಗಳೊಳಗೇ ಮುಗಿಯುತ್ತದೆ. ಎಡಗೈ ಮೇಲೆ ಕೆಳಗೆ ಓಡಬೇಕಿಲ್ಲ. ಇನ್ನೂ ಮುಖ್ಯವಾದದ್ದು, ಸಿ ಕಾರ್ಡ್ ಹಿಡಿದ ಕೈಯಲ್ಲೇ ಸ, ಗ, ಪ, ಮೇಲಿನ ಸ, ಮೇಲಿನ ಗ ಎಲ್ಲಾ ಸಿದ್ಧವಾಗಿ ಕೂತಿರುತ್ತವೆ. ಉಳಿದ ಸ್ವರಗಳಿಗೆ ಒಂದು ಬೆರಳು ಎತ್ತಿದರೆ ಅಥವಾ ಇನ್ನೊಂದು ಬೆರಳು ಇಟ್ಟರೆ ಆಯಿತು. ಮೇಬೆಲ್ ಈ ಹಾಡನ್ನು ಸಿ ಕಾರ್ಡಿನ ಆಕಾರದಲ್ಲಿ ನುಡಿಸಿದ್ದು ಯಾಕೆ ಅನ್ನುವುದು ನನಗೆ ಅರ್ಥವಾಗಿದ್ದು ಟ್ಯಾಬ್‌ನಿಂದಲ್ಲ, ಈ ಸ್ವರಗಳ ನಕ್ಷೆಯಿಂದ.

ಎಡಗೈ ವಿಷಯ ಇಷ್ಟೇ. ನಿಜವಾದ ಕೆಲಸ ಇರುವುದು ಬಲಗೈಯಲ್ಲಿ.

ಈ ಬಾಜನ್ನು, ಅಂದರೆ ನುಡಿಸುವ ಶೈಲಿಯನ್ನು, 'ಕಾರ್ಟರ್ ಸ್ಕ್ರ್ಯಾಚ್' ಅನ್ನುತ್ತಾರೆ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ಮಟ್ಟು ನುಡಿಸುತ್ತದೆ. ತೋರುಬೆರಳು ತೆಳು ತಂತಿಗಳನ್ನು ಉಗುರಿನ ಕಡೆಯಿಂದ ಕೆಳಕ್ಕೆ ಸವರುತ್ತದೆ, ಕೆಲವು ಸಲ ವಾಪಸ್ ಬರುವಾಗ ಮೇಲಕ್ಕೂ ಸವರುತ್ತದೆ. ಹೆಬ್ಬೆರಳು, ಸವರು, ಹೆಬ್ಬೆರಳು, ಸವರು. ಕೇಳಲು ಸುಲಭ. ಆದರೆ ಸ್ಟ್ರಮ್ ಮಾಡಿ ಅಭ್ಯಾಸವಾದ ಕೈ ಆರೂ ತಂತಿಗಳನ್ನು ಒಂದೇ ಸಲ ಬಾಚಿಬಿಡುತ್ತದೆ. ಹಾಗಾದರೆ ಮಟ್ಟು ಎಲ್ಲಿ ಕೇಳಬೇಕು?

ಅದಕ್ಕೆ ನಾನು ಹಾಡನ್ನೇ ಬಿಟ್ಟು ಕೈಯನ್ನು ಮಾತ್ರ ಪಳಗಿಸಿದೆ. ಸಿ ಕಾರ್ಡ್ ಹಿಡಿದು ಕೂರುವುದು. ಹೆಬ್ಬೆರಳಲ್ಲಿ ಐದನೇ ತಂತಿ, ಆಮೇಲೆ ಸವರು. ನಾಲ್ಕನೇ ತಂತಿ, ಸವರು. ಮೂರನೇ ತಂತಿ, ಸವರು. ಮತ್ತೆ ವಾಪಸ್. ಎಡಗೈ ಅಲ್ಲಾಡುವುದೇ ಇಲ್ಲ. ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಅದರ ಟಿಕ್ ಹೆಬ್ಬೆರಳಿನ ಮೇಲೆ ಬೀಳುವ ಬದಲು ಸವರಿನ ಮೇಲೆ ಬೀಳುವಂತೆ ನುಡಿಸಿದೆ. ಇದು ಚೆನ್ನಾಗಿ ಕೆಲಸ ಮಾಡಿತು. ಹೆಬ್ಬೆರಳಿನ ಪೆಟ್ಟನ್ನು ನಾವೇ ಖಾಲಿ ಜಾಗದಲ್ಲಿ ಹಾಕಬೇಕಾಗುತ್ತದೆ, ಹಾಗಾಗಿ ಲಯ ಮೈಯೊಳಗೇ ಕೂರುತ್ತದೆ. ಮನೆಯವರ ಜೊತೆ ಮಾತಾಡುತ್ತಲೂ ಕೈ ತಪ್ಪದೆ ಓಡುವವರೆಗೆ ನಾನು ಹಾಡಿನ ಒಂದು ಸ್ವರವನ್ನೂ ಮುಟ್ಟಲಿಲ್ಲ. ಬೇರೆಯವರಿಗೂ ಇದನ್ನೇ ಹೇಳುತ್ತೇನೆ. ಇಲ್ಲಿ ಅವಸರ ಮಾಡಿದರೆ ಮುಂದೆ ಪ್ರತಿ ಸಾಲಿನಲ್ಲೂ ಒದ್ದಾಡಬೇಕು.

ಥಂಬ್ ಪಿಕ್ ಬಗ್ಗೆ ಒಂದು ಮಾತು. ಹೆಬ್ಬೆರಳಿಗೆ ಉಂಗುರದಂತೆ ತೊಡುವ ಪ್ಲಾಸ್ಟಿಕ್ ಪಿಕ್ ಇದು. ಮೇಬೆಲ್ ಇದನ್ನು ಬಳಸುತ್ತಿದ್ದರು. ಬರಿ ಹೆಬ್ಬೆರಳಲ್ಲೂ ನುಡಿಸಬಹುದು, ಆದರೆ ಮಟ್ಟಿನ ಸ್ವರ ಸವರಿಗಿಂತ ಎದ್ದು ಕೇಳಬೇಕಾದರೆ ಪಿಕ್ ಇದ್ದರೇ ಚೆಂದ. ಹೊಸ ಪಿಕ್ ಬೆರಳನ್ನು ಹಿಂಡುತ್ತದೆ, ಇಲ್ಲವೇ ತಿರುಗಿಬಿಡುತ್ತದೆ. ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಆಗ ಹೊರಕ್ಕೆ ತೆಗೆದು ನಮ್ಮ ಬೆರಳಿನ ಅಳತೆಗೆ ಅಗಲಿಸಿ, ತಣ್ಣೀರಿಗೆ ಹಾಕಿದರೆ ಅದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಪಿಕ್ಕಿನ ತುದಿ ಉದ್ದ ಇದ್ದರೆ ತಂತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಉಗುರು ಉಜ್ಜುವ ಅರದಿಂದ ಸ್ವಲ್ಪ ಸವೆಸಿ ಗುಂಡಗೆ ಮಾಡಿಕೊಂಡಿದ್ದೇನೆ.

ಇನ್ನು ಮಟ್ಟು ಸೇರಿಸುವ ಕೆಲಸ. ಮೊದಲ ಸಾಲನ್ನು ತುಂಡು ತುಂಡಾಗಿ ಕೂಡಿಸಿದೆ. ಬಾಯಲ್ಲಿ 'ಗ ಮ ಪಾ' ಹೇಳುತ್ತಾ ಹೆಬ್ಬೆರಳು ಅದನ್ನೇ ಹಿಂಬಾಲಿಸುವಂತೆ ಮಾಡಿದೆ. ಎತ್ತುಗಡೆಯ 'ಗ ಮ'ಕ್ಕೆ ಸವರು ಇಲ್ಲ, ಬರಿ ಹೆಬ್ಬೆರಳು. 'ಪ' ಬಂದ ಕೂಡಲೇ ಸವರು ಶುರು. ಮಧ್ಯಮಕ್ಕೆ ನಾನು ಕಿರುಬೆರಳು ಬಳಸುತ್ತೇನೆ. ಆಗ ಐದನೇ ತಂತಿಯ ಷಡ್ಜದ ಮೇಲಿರುವ ಉಂಗುರ ಬೆರಳು ಕದಲಬೇಕಿಲ್ಲ. ಧೈವತಕ್ಕೆ ನಡುಬೆರಳು ಪಕ್ಕದ ತಂತಿಗೆ ಜಿಗಿಯುತ್ತದೆ.

ಸಾಲಿನ ಕೊನೆಯ ಕಡೆ ಜಿ7 ಕಾರ್ಡ್ ಬರುತ್ತದೆ. ಅಲ್ಲಿ ಮಟ್ಟಿನಲ್ಲಿ ಇರುವುದು ರಿಷಭ, ಅಂದರೆ ತೆರೆದ ನಾಲ್ಕನೇ ತಂತಿ. ಅದಕ್ಕೆ ಎಡಗೈಯ ಯಾವ ಬೆರಳೂ ಬೇಡ. ಹೆಬ್ಬೆರಳು ಆ ತಂತಿ ಮೀಟಿ ಅದು ಮೊಳಗುತ್ತಿರುವಾಗಲೇ ಎಡಗೈ ಆರಾಮಾಗಿ ಕಾರ್ಡ್ ಬದಲಿಸಿಕೊಳ್ಳಬಹುದು. ಇದನ್ನು ಗಮನಿಸಿದ ದಿನದಿಂದ ಕಾರ್ಡ್ ಬದಲಾವಣೆಯ ಗಾಬರಿ ಹೋಯಿತು.

ಮೇಬೆಲ್ ಅವರ ನುಡಿಸಾಣಿಕೆಗೆ ಜೀವ ಕೊಡುವುದು ಹ್ಯಾಮರ್-ಆನ್. ತೆರೆದ ತಂತಿಯನ್ನು ಮೀಟಿ, ಅದು ಮೊಳಗುತ್ತಿರುವಾಗಲೇ ಎಡಗೈ ಬೆರಳನ್ನು ಫ್ರೆಟ್ ಮೇಲೆ ಪಟ್ಟನೆ ಇಳಿಸುವುದು. ಒಂದೇ ಮೀಟಿಗೆ ಎರಡು ಸ್ವರ, 'ರಿ'ಯಿಂದ 'ಗ'. ಸಿ ಕಾರ್ಡಿನ ಉಳಿದ ಬೆರಳುಗಳೆಲ್ಲ ಹಾಗೇ ಕೂತಿರಬೇಕು, ನಡುಬೆರಳು ಮಾತ್ರ ಎದ್ದು ಮತ್ತೆ ಕೂರಬೇಕು. ಬೆರಳು ಫ್ರೆಟ್ಟಿನ ಸರಿಗೆಗೆ ಆದಷ್ಟು ಹತ್ತಿರ ಬಿದ್ದರೆ ಸ್ವರ ಮೊಳಗುತ್ತದೆ, ದೂರ ಬಿದ್ದರೆ ತಂತಿ ಮಂಕಾಗುತ್ತದೆ. ಜೋರು ಬೇಕಿಲ್ಲ, ವೇಗ ಬೇಕು. ಇನ್ನೊಂದು ಸೂಕ್ಷ್ಮ: ಬೆರಳು ಇಳಿದದ್ದಕ್ಕೂ ಮುಂದಿನ ಸವರಿಗೂ ನಡುವೆ ಸ್ವಲ್ಪ ಉಸಿರು ಇರಬೇಕು. ಎರಡೂ ಒಟ್ಟಿಗೆ ಬಿದ್ದರೆ ಕುಣಿತ ಸತ್ತುಹೋಗುತ್ತದೆ. ಈ ಒಂದು ಜಾಗಕ್ಕೆ ನಾನು ಕೊಟ್ಟಷ್ಟು ಸಮಯ ಹಾಡಿನ ಬೇರೆ ಯಾವ ಭಾಗಕ್ಕೂ ಕೊಟ್ಟಿಲ್ಲ. ಕೊಟ್ಟಿದ್ದು ಸಾರ್ಥಕ.

ಮೂರನೇ ಸಾಲು ಬೇರೆಯದೇ ಲೆಕ್ಕ. ಮಟ್ಟು ಮೇಲಕ್ಕೆ ಹೋಗುವುದರಿಂದ ಹೆಬ್ಬೆರಳು ಎರಡನೇ, ಒಂದನೇ ತಂತಿಗಳಿಗೆ ಬರಬೇಕು. ಹಾಗೆ ಬಂದಾಗ ತೋರುಬೆರಳಿಗೆ ಸವರಲು ಜಾಗವೇ ಕಡಿಮೆ. ಇಲ್ಲಿ ನಾನು ಸವರನ್ನು ತುಂಬಾ ಹಗುರ ಮಾಡುತ್ತೇನೆ, ಎರಡು ತಂತಿ ತಾಕಿದರೂ ಸಾಕು. ಎಫ್ ಕಾರ್ಡ್ ಬರುವುದೂ ಇದೇ ಸಾಲಿನಲ್ಲೇ. ಆರೂ ತಂತಿ ಒತ್ತುವ ಬಾರ್ ಕಾರ್ಡ್ ಬೇಡ. ನಾಲ್ಕು ತಂತಿಯ ಚಿಕ್ಕ ಎಫ್ ಸಾಕು. ತೋರುಬೆರಳನ್ನು ಚಪ್ಪಟೆಯಾಗಿ ಒಂದು ಮತ್ತು ಎರಡನೇ ತಂತಿಗಳ ಮೇಲೆ ಮಲಗಿಸಿದರಾಯಿತು. ಎಫ್ ಕಾರ್ಡಿಗೆ ಹೆದರಿ ಗಿಟಾರ್ ಮೂಲೆಗಿಟ್ಟವರು ಎಷ್ಟೋ ಜನ. ಅವರಿಗೆಲ್ಲ ಈ ಚಿಕ್ಕ ಎಫ್ ತೋರಿಸಬೇಕು ಅನ್ನಿಸುತ್ತದೆ.

ಮೂಲ ರೆಕಾರ್ಡಿಂಗ್ ಜೊತೆ ನುಡಿಸಲು ಹೊರಟರೆ ಎರಡು ತೊಡಕುಗಳಿವೆ. ಮೇಬೆಲ್ ಎಷ್ಟೋ ಸಲ ಗಿಟಾರಿನ ಶ್ರುತಿ ಇಳಿಸಿ ನುಡಿಸುತ್ತಿದ್ದರು. ಹಾಗಾಗಿ ಟ್ಯೂನರ್ ನೋಡಿ ಸರಿಯಾಗಿ ಶ್ರುತಿ ಮಾಡಿದ ಗಿಟಾರ್ ಹಳೆಯ ರೆಕಾರ್ಡಿಗೆ ಹೊಂದುವುದಿಲ್ಲ. ನಾನು ರೆಕಾರ್ಡನ್ನೇ ಕೇಳುತ್ತಾ ನನ್ನ ತಂತಿಗಳನ್ನು ಇಳಿಸಿಕೊಂಡೆ. ತಂತಿ ಸಡಿಲವಾದಾಗ ದನಿಯೂ ಗಂಭೀರವಾಗುತ್ತದೆ, ಅದು ಈ ಹಾಡಿಗೆ ಒಪ್ಪುತ್ತದೆ. ಎರಡನೆಯದು, ಸಾಲುಗಳ ಅಳತೆ. ಕಾರ್ಟರ್ ಫ್ಯಾಮಿಲಿಯ ಹಳೆಯ ಹಾಡುಗಳಲ್ಲಿ ಸಾಲಿನ ಕೊನೆಗೆ ಒಂದೆರಡು ಪೆಟ್ಟು ಜಾಸ್ತಿ ಬರುವುದುಂಟು. ಹಾಡುವವರ ಉಸಿರಿಗೆ ಗಿಟಾರ್ ಕಾಯುತ್ತದೆ. ನಾಲ್ಕು ನಾಲ್ಕು ಎಂದು ಎಣಿಸುತ್ತಾ ಕೂತರೆ ತಪ್ಪಿಹೋಗುತ್ತದೆ. ಎಣಿಕೆ ಬಿಟ್ಟು ಸಾರಾ ಅವರ ದನಿಯನ್ನು ಹಿಂಬಾಲಿಸಿದರೆ ತಾನಾಗೇ ಕೂಡಿಕೊಳ್ಳುತ್ತದೆ. ಪ್ಲೇಬ್ಯಾಕ್ ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹಾಡುತ್ತಾ ನುಡಿಸುವಾಗ ನಾನು ಮಟ್ಟನ್ನು ಬಿಟ್ಟುಬಿಡುತ್ತೇನೆ. ಕಾರ್ಡಿನ ಬೇಸ್ ಸ್ವರ, ಸವರು, ಅಷ್ಟೇ. ಚರಣ ಮುಗಿದ ಮೇಲೆ ಗಿಟಾರ್ ಮಟ್ಟನ್ನು ಎತ್ತಿಕೊಳ್ಳುತ್ತದೆ. ದನಿಗೆ ಸಿ ಹೊಂದದಿದ್ದರೆ ಕೇಪೋ (ತಂತಿಗಳನ್ನೆಲ್ಲ ಒಂದು ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿಕೊಳ್ಳಬಹುದು. ಎರಡನೇ ಫ್ರೆಟ್‌ಗೆ ಹಾಕಿದರೆ ಬೆರಳುಗಳು ಅವೇ, ಶ್ರುತಿ ಡಿ.

ಇದೆಲ್ಲ ಕಲಿಯುವಾಗ ಮೇಬೆಲ್ ಮೇಲೆ ಗೌರವ ಬೆಳೆಯುತ್ತಲೇ ಹೋಯಿತು. ಹಾಡಿಗೆ ಹಿನ್ನೆಲೆಯಾಗಿ ಸುಮ್ಮನೆ ಕಾರ್ಡ್ ನುಡಿಸುತ್ತಿದ್ದ ಗಿಟಾರನ್ನು ಮುಂದಕ್ಕೆ ತಂದು ಮಟ್ಟು ನುಡಿಸುವ ವಾದ್ಯ ಮಾಡಿದವರಲ್ಲಿ ಅವರು ಮುಖ್ಯರು. ರೆಕಾರ್ಡ್‌ಗಳಿಂದ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡತೊಡಗಿದಾಗ, 1928ರಲ್ಲಿ, ಗಿಬ್ಸನ್ ಎಲ್-5 ಗಿಟಾರ್ ಕೊಂಡರು. ಬೆಲೆ 275 ಡಾಲರ್, ಆ ಕಾಲಕ್ಕೆ ಬಹಳ ದೊಡ್ಡ ಮೊತ್ತ. ಅದೇ ಗಿಟಾರ್ ಇವತ್ತು ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಂನಲ್ಲಿದೆ. 1972ರಲ್ಲಿ ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್ ಹಿರಿಯ ಕಲಾವಿದರನ್ನೆಲ್ಲ ಸೇರಿಸಿ ತಂದ ಆಲ್ಬಮ್‌ನಲ್ಲಿ ಅವರು ಇದೇ ಹಾಡು ನುಡಿಸಿದ್ದಾರೆ. ಎರಡೂ ರೆಕಾರ್ಡಿಂಗ್‌ಗಳನ್ನು ಒಂದಾದ ಮೇಲೊಂದು ಕೇಳಿ ನೋಡಿ. ನಡುವೆ ನಾಲ್ಕು ದಶಕ ದಾಟಿದೆ, ಹೆಬ್ಬೆರಳು ಮಾತ್ರ ಅದೇ ಗಟ್ಟಿತನದಲ್ಲಿ ಮಟ್ಟು ಹೇಳುತ್ತದೆ.

ಲೆಸ್ಲಿ ರಿಡಲ್ ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಕಪ್ಪು ಜನಾಂಗದ ಗಿಟಾರ್ ವಾದಕ. ಎ.ಪಿ. ಜೊತೆ ಊರೂರು ತಿರುಗಿ ಹಾಡು ಸಂಗ್ರಹಿಸಿದವರು. ಎ.ಪಿ. ಸಾಹಿತ್ಯ ಬರೆದುಕೊಂಡರೆ, ಮಟ್ಟನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದವರು ರಿಡಲ್. ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಂಡಿದ್ದರೂ ತಮ್ಮದೇ ಬಾಜು ಕಟ್ಟಿಕೊಂಡಿದ್ದರು. ಮೇಬೆಲ್ ಕೂಡ ರಿಡಲ್ ಅವರಿಂದ ಕಲಿತರು. ಕಂಟ್ರಿ ಸಂಗೀತದ ಕಥೆ ಹೇಳುವಾಗ ಈ ಹೆಸರು ಬಹಳ ಕಾಲ ಬಿಟ್ಟುಹೋಗಿತ್ತು, ಅದು ನನಗೆ ನೋವು ಕೊಡುವ ವಿಷಯ.

ಈಗ ನಾನು ಕೂತಿರುವುದು ರಿಡಲ್ ಅವರಿಂದ ಕಾರ್ಟರ್ ಫ್ಯಾಮಿಲಿಗೆ ಬಂದ 'ಕ್ಯಾನನ್‌ಬಾಲ್ ಬ್ಲೂಸ್' ಮೇಲೆ. ಇದರಲ್ಲಿ ಸವರು ಕಡಿಮೆ. ಹೆಬ್ಬೆರಳು ಬೇಸ್ ಹಿಡಿದು ನಡೆಯುತ್ತದೆ, ಮಟ್ಟನ್ನು ತೋರುಬೆರಳು ತೆಳು ತಂತಿಗಳಲ್ಲಿ ಹೆಕ್ಕುತ್ತದೆ. ಇಷ್ಟು ದಿನ ಹೆಬ್ಬೆರಳು ಮಾಡುತ್ತಿದ್ದ ಕೆಲಸ ತೋರುಬೆರಳಿಗೆ, ತೋರುಬೆರಳಿನದು ಹೆಬ್ಬೆರಳಿಗೆ. ಹಾಗಾಗಿ ಮತ್ತೆ ಒಂದೇ ಕಾರ್ಡ್ ಹಿಡಿದು, ಮೆಟ್ರೋನೋಮ್ 60ಕ್ಕೆ ಇಟ್ಟು, ಬರಿ ಬಲಗೈ ಪಳಗಿಸುತ್ತಿದ್ದೇನೆ.