ಎಚ್‌ಎಂವಿ 101ಕ್ಕೆ ಸೈಕಲ್ ವಾಲ್ವ್ ಟ್ಯೂಬ್
ಹಳೇ ಗ್ರಾಮಫೋನ್ ಸಿಕ್ಕಿದ ಕೂಡಲೇ ಎಲ್ಲರೂ ಮಾಡೋದು ಒಂದೇ ಕೆಲಸ: ಜೋರಾಗಿ ಕೀ ಕೊಟ್ಟು ನೋಡೋದು. ದಯವಿಟ್ಟು ಬೇಡ. ಸ್ಪ್ರಿಂಗಿಗೆ ಹಚ್ಚಿದ ಗ್ರೀಸ್ ಅಷ್ಟು ವರ್ಷದಲ್ಲಿ ಒಣಗಿ ಅಂಟಾಗಿರುತ್ತದೆ. ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡು, ಆಮೇಲೆ ಧಡ್ ಅಂತ ಬಿಟ್ಟುಕೊಳ್ಳುತ್ತವೆ.

ನನಗೆ ಸಿಕ್ಕಿದ್ದು ಎಚ್‌ಎಂವಿ 101. 1925ರಲ್ಲಿ ಬಂದ ಮಾದರಿ. ಮುಚ್ಚಿದರೆ ಸೂಟ್‌ಕೇಸ್, ತೆರೆದರೆ ಗ್ರಾಮಫೋನ್. ಮೈಸೂರಿನ ಚಾಮುಂಡಿಪುರಂನಲ್ಲಿ ಸೋದರತ್ತೆ ಮನೆಯ ಅಟ್ಟದಲ್ಲಿತ್ತು. "ತಗೊಂಡು ಹೋಗೋ, ಅಟ್ಟನಾದ್ರೂ ಖಾಲಿಯಾಗ್ಲಿ" ಅಂದರು ಅತ್ತೆ. ಹೊರಗಿನ ಕಪ್ಪು ಹೊದಿಕೆಗೆ ಬೂಷ್ಟು ಹಿಡಿದಿತ್ತು. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಎದ್ದ ಕಡೆ ಫೆವಿಕಾಲ್ ಹಾಕಿ, ಶೂ ಪಾಲಿಶ್ ತಿಕ್ಕಿದೆ. ಅಷ್ಟೇ. ಕೆಲವರು ಹೊಸ ರೆಕ್ಸಿನ್ ಹೊದಿಸಿ ಪಳಪಳ ಮಾಡಿಸುತ್ತಾರೆ. ನನಗದು ಹಿಡಿಸೋಲ್ಲ.

ಮೋಟಾರ್ ಬಿಚ್ಚುವ ಮೊದಲು ಬ್ರೇಕ್ ಬಿಟ್ಟು, ಟರ್ನ್‌ಟೇಬಲ್ ತಾನಾಗೇ ನಿಲ್ಲುವ ತನಕ ಕಾದೆ. ಸ್ಪ್ರಿಂಗಿನಲ್ಲಿ ಬಿಗಿ ಉಳಿದಿದ್ದರೆ ಬೆರಳು ಹೋದೀತು. ದಪ್ಪ ಗ್ಲೌಸ್ ಹಾಕಿಕೊಂಡು, ಸ್ಪ್ರಿಂಗಿರುವ ಡಬ್ಬಿಯನ್ನು ಗೋಣಿಚೀಲದ ಮೇಲಿಟ್ಟು, ನಡುವಿನಿಂದ ಒಂದೊಂದೇ ಸುತ್ತು ಬಿಡಿಸಿದೆ. ಗ್ರೀಸ್ ಕರೀ ಡಾಂಬರಿನಂತೆ ಬಂತು. ಸೀಮೆಎಣ್ಣೆಯಲ್ಲಿ ತೊಳೆದು, ಬಿರುಕಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ, ತೆಳ್ಳಗೆ ಗ್ರಾಫೈಟ್ ಗ್ರೀಸ್ ಸವರಿ ಮತ್ತೆ ಸುತ್ತಿದೆ. ವೇಗವನ್ನು ಹದದಲ್ಲಿಡುವ ಗವರ್ನರ್ ಅನ್ನೋ ಭಾಗಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಒಂದೆರಡು ತೊಟ್ಟು.

ಮೋಟಾರ್ ಓಡಿತು. ಆದರೆ ಹಾಡು? ಮೂಗು ಕಟ್ಟಿದವರು ಹಾಡಿದ ಹಾಗೆ, ಜೊತೆಗೆ ಜಿರ್ ಅನ್ನೋ ಸದ್ದು. ಕಾರಣ ಸೌಂಡ್ ಬಾಕ್ಸು. ಸೂಜಿ ಸಿಕ್ಕಿಸೋ ಆ ದುಂಡು ಡಬ್ಬಿಯಲ್ಲಿ ಕಾಗೆಬಂಗಾರದ ತೆಳು ಬಿಲ್ಲೆ ಇದೆ. ರೆಕಾರ್ಡ್ ತಟ್ಟೆಯ ಗೀರಿನಲ್ಲಿ ಸೂಜಿ ಅಲುಗಿದ್ದನ್ನು ಸದ್ದು ಮಾಡೋದು ಅದೇ. ಬಿಲ್ಲೆಯ ಅಂಚಿನ ಎರಡೂ ಕಡೆ ರಬ್ಬರ್ ಬಳೆ ಇರಬೇಕು. ನನ್ನದರಲ್ಲಿ ಆ ರಬ್ಬರ್ ಕಲ್ಲಾಗಿತ್ತು, ಮುಟ್ಟಿದರೆ ಪುಡಿ. ಬಿಲ್ಲೆಗೆ ಅಲುಗೋಕೇ ಜಾಗವಿಲ್ಲ, ಇನ್ನು ಹಾಡೋದೆಲ್ಲಿ?

ಮಂಡಿ ಮೊಹಲ್ಲಾದ ಸೈಕಲ್ ಅಂಗಡಿಯಲ್ಲಿ ವಾಲ್ವ್ ಟ್ಯೂಬ್, ಅಂದರೆ ವಾಲ್ವಿಗೆ ಹಾಕೋ ಸಣ್ಣ ರಬ್ಬರ್ ಕೊಳವೆ, ಕೇಳಿದೆ. "ಯಾವ ಸೈಕಲ್ ಸಾರ್?" ಅಂದ. "ಸೈಕಲ್ಲಿಗಲ್ಲಪ್ಪ, ಗ್ರಾಮಫೋನಿಗೆ" ಅಂದೆ. ನನ್ನ ಮುಖ ನೋಡಿ ಒಂದು ಮೊಳ ಜಾಸ್ತೀನೇ ಕೊಟ್ಟ. ಅದನ್ನು ಅಂಚಿನ ಅಳತೆಗೆ ಕತ್ತರಿಸಿ ಬಳೆಯಂತೆ ಕೂರಿಸಿದೆ. ತುದಿಗಳು ತಾಗಬೇಕು, ಒಂದರ ಮೇಲೊಂದು ಏರಬಾರದು. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಬಿಲ್ಲೆ ಸಡಿಲವಾಗಿರಬಾರದು, ಆದರೆ ಹಿಚುಕಿದಂತೆಯೂ ಆಗಬಾರದು. ಕೊನೆಗೆ ಸೂಜಿಯನ್ನು ಬಿಲ್ಲೆಗೆ ಜೋಡಿಸೋ ಕಡ್ಡಿ. ಅದು ಬಿಲ್ಲೆಯನ್ನು ಎಳೆಯಲೂ ಬಾರದು, ತಳ್ಳಲೂ ಬಾರದು. ನಡುವಿನ ಸಣ್ಣ ಸ್ಕ್ರೂ ಹಾಕಿ, ಗಾಳಿ ಸೋರದಂತೆ ಅದರ ಸುತ್ತ ಒಂದು ಹನಿ ಜೇನುಮೇಣ ಬಿಟ್ಟೆ. ಮೋಟಾರಿಗಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ, ಖರ್ಚು ಮಾತ್ರ ಒಂದು ಕಾಫಿಯದು.

ಸೂಜಿಯಲ್ಲಿ ಜಿಪುಣತನ ಬೇಡ. ತಟ್ಟೆಯ ಒಂದು ಬದಿಗೆ ಒಂದು ಉಕ್ಕಿನ ಸೂಜಿ. ಅರಗಿನ ತಟ್ಟೆಯಲ್ಲಿ ಕಲ್ಲುಪುಡಿ ಬೆರೆತಿರೋದರಿಂದ ಸೂಜಿ ಬೇಗ ಸವೆಯುತ್ತದೆ. ಸವೆದದ್ದನ್ನೇ ಮತ್ತೆ ಹಾಕಿದರೆ ಗೀರು ಕೆತ್ತಿಹಾಕುತ್ತದೆ. ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಅರಗು ಕರಗುತ್ತದೆ. ಆಮೇಲೆ ಬಂದ ಪ್ಲಾಸ್ಟಿಕ್ಕಿನ ಎಲ್‌ಪಿ ತಟ್ಟೆಯನ್ನಂತೂ ಇದರ ಮೇಲೆ ಇಡಲೇಬೇಡಿ.

ವೇಗ ನೋಡೋಕೆ ಯಂತ್ರ ಬೇಕಿಲ್ಲ. ತಟ್ಟೆಯ ಕೆಳಗೆ ಒಂದು ಚೀಟಿ ಸಿಕ್ಕಿಸಿ, ಹಾಡು ಓಡುತ್ತಿರುವಾಗಲೇ ಎಣಿಸಿ. ಅರ್ಧ ನಿಮಿಷಕ್ಕೆ 39 ಸುತ್ತು ಬಂದರೆ, ಈ ತಟ್ಟೆಗಳಿಗೆ ಬೇಕಾದ ನಿಮಿಷಕ್ಕೆ 78 ಸುತ್ತು ಸರಿ ಇದೆ ಅಂತ ಲೆಕ್ಕ. ಹೆಚ್ಚುಕಡಿಮೆಯಾದರೆ ಪಕ್ಕದ ವೇಗದ ಕಡ್ಡಿ ಸರಿಸಿದರಾಯಿತು. ತೀರಾ ಹಳೇ ತಟ್ಟೆಗಳಿಗೆ ಈ ಕಡ್ಡಿ ಬೇಕೇ ಬೇಕು, ಅವೆಲ್ಲ ಸರಿಯಾಗಿ 78ರಲ್ಲೇ ರೆಕಾರ್ಡ್ ಆದವಲ್ಲ. 1902ರಲ್ಲಿ ಕಲ್ಕತ್ತದಲ್ಲಿ ರೆಕಾರ್ಡಿಂಗಿಗೆ ಹಾಡಿದ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಇಲ್ಲೇ ತೀರಿಕೊಂಡರಲ್ವಾ? ಅವರದೊಂದು ತಟ್ಟೆ ಹುಡುಕುತ್ತಿದ್ದೀನಿ. ಬಿರುಕಿಲ್ಲದಿದ್ದರೆ ಸಾಕು, ಮಿಕ್ಕಿದ್ದನ್ನು ಕಡ್ಡಿ ಸರಿಸಿ ನೋಡಿಕೊಳ್ಳುತ್ತೇನೆ.