"ರೀ" ಹೋಗಿ "ಲೇ" ಬಂತು: ಧಾರವಾಡದ ಮಾತಿನಲ್ಲಿ ನಾನು ಮಾಡಿದ ವಿಶುವಲ್ ನಾವೆಲ್

ಧಾರವಾಡದ ಸಪ್ತಾಪುರದಲ್ಲಿ "ಅಕಾಡೆಮಿ" ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದಿಸುವ ಕೋಚಿಂಗ್ ಸೆಂಟರ್. ಹಳ್ಳಿಯಿಂದ ಬಂದ ಹುಡುಗರು ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಊರಿನಿಂದ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಬರುತ್ತದೆ. ನಾನೂ ಎರಡು ವರ್ಷ ಹಾಗೇ ಇದ್ದವನು. ಈಗ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ರಾತ್ರಿ ಊಟ ಆದಮೇಲೆ ಎರಡು ತಾಸು ಕೂತು ಕೂತು ಒಂದು ವಿಶುವಲ್ ನಾವೆಲ್ ಮಾಡಿದೆ. ಮಾನ್‌ಸ್ಟರ್ ಮರಿಗಳನ್ನು ಪಳಗಿಸಲು ಕಲಿಸುವ ಒಂದು ಅಕಾಡೆಮಿ, ಅಲ್ಲಿಗೆ ಬರುವ ಹುಡುಗ ಹುಡುಗಿಯರ ಕಥೆ. ಆ ಅಕಾಡೆಮಿ ಹೇಗಿರಬೇಕು ಅಂತ ನಾನು ಒಂದು ದಿನವೂ ತಲೆ ಕೆಡಿಸಿಕೊಳ್ಳಲಿಲ್ಲ. ಸಪ್ತಾಪುರ ಕಣ್ಣ ಮುಂದೆಯೇ ಇತ್ತು.

ವಿಶುವಲ್ ನಾವೆಲ್ ಆಡದವರಿಗೆ ಒಂದು ಮಾತು. ಇದು ಓದುವ ಗೇಮ್. ಪರದೆಯ ಮೇಲೆ ಜಾಗದ ಚಿತ್ರ, ಅದರ ಮುಂದೆ ಪಾತ್ರ, ಕೆಳಗೆ ಅವರ ಮಾತು. ಒತ್ತಿದರೆ ಮುಂದಿನ ಮಾತು ಬರುತ್ತದೆ. ಅಲ್ಲಲ್ಲಿ ಎರಡು ಮೂರು ಉತ್ತರ ಕೊಟ್ಟು "ನೀವೇ ಆರಿಸಿ" ಅನ್ನುತ್ತದೆ. ನೀವು ಆರಿಸಿದ ಹಾಗೆ ಕಥೆ ತಿರುಗುತ್ತದೆ. ಅಂದರೆ ಇಲ್ಲಿ ಮಾತೇ ಎಲ್ಲ. ಇದು ನನಗೆ ಪೂರ್ತಿ ಅರ್ಥ ಆಗಲು ಒಂದು ವರ್ಷ ಬೇಕಾಯಿತು.

ಶುರು ಮಾಡಿದ್ದು ಪೋಕೆಮಾನ್ ಮೇಲಿನ ಪ್ರೀತಿಯಿಂದ. ಚಿಕ್ಕವನಿದ್ದಾಗ ಟಿವಿಯಲ್ಲಿ ನೋಡಿ, ಹೆಗಲ ಮೇಲೆ ಒಂದು ಪ್ರಾಣಿ ಕೂರಿಸಿಕೊಂಡು ಊರೂರು ಸುತ್ತಬೇಕು ಅಂತ ಕನಸು ಕಂಡವನು ನಾನು. ಮೊದಲ ಕರಡಿನಲ್ಲಿ ಅವೇ ಪ್ರಾಣಿಗಳಿದ್ದವು. ಆಮೇಲೆ ಪೋಕೆಮಾನ್ ಯುರೇನಿಯಂ ಎಂಬ ಅಭಿಮಾನಿಗಳ ಗೇಮಿನ ಕಥೆ ಓದಿದೆ. ಸುಮಾರು ಒಂಬತ್ತು ವರ್ಷ ಕೂತು ಮಾಡಿದ್ದರು. 2016ರ ಆಗಸ್ಟಿನಲ್ಲಿ ಉಚಿತವಾಗಿ ಬಿಟ್ಟರು. ಕೆಲವೇ ದಿನಗಳಲ್ಲಿ ಪೋಕೆಮಾನ್ ಗೇಮುಗಳ ಕಂಪನಿ ನಿಂಟೆಂಡೊದ ವಕೀಲರ ನೋಟಿಸ್ ಬಂದು ಡೌನ್‌ಲೋಡ್ ಲಿಂಕ್ ತೆಗೆಯಬೇಕಾಯಿತು. ದುಡ್ಡು ತೆಗೆದುಕೊಳ್ಳದಿದ್ದರೂ ಬೇರೆಯವರ ಪಾತ್ರ ಬೇರೆಯವರದ್ದೇ. ಅಭಿಮಾನ ಇಟ್ಟುಕೊಂಡು, ಪ್ರಾಣಿಗಳನ್ನು ಮಾತ್ರ ನಮ್ಮವೇ ಮಾಡಿಕೊಳ್ಳೋಣ ಅಂದುಕೊಂಡೆ. ಮೊದಲ ದಿನ ಮೂರರಲ್ಲಿ ಒಂದು ಮರಿ ಆರಿಸುವ ಗಳಿಗೆಯನ್ನು ಮಾತ್ರ ಬಿಡಲಾಗಲಿಲ್ಲ. ಆ ಗಳಿಗೆಗಾಗಿಯೇ ಅಲ್ವಾ ನಾವೆಲ್ಲ ಅದನ್ನು ನೋಡುತ್ತಿದ್ದದ್ದು!

ನಮ್ಮ ಮೂರು ಮರಿಗಳು ಹೀಗಿವೆ. ಹುಲ್ಲಿನ ಮರಿ ಚಿಗರ್ಯಾ. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅನ್ನುತ್ತಾರೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆ. ಬೆಂಕಿಯ ಮರಿ ಕಿಡ್ಯಾ, ಬ್ಯಾಡಗಿ ಮೆಣಸಿನಕಾಯಿ ಹೊಲದಲ್ಲಿ ಹುಟ್ಟಿದ್ದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಕಿಡ್ಯಾ ನೋಡಲು ಕೆಂಡದ ಹಾಗೆ, ಸ್ವಭಾವ ತಣ್ಣಗೆ. ನೀರಿನ ಮರಿ ಮಾಗಡೆವ್ವ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಸಿಲು ಏರುವ ಹೊತ್ತಿಗೆ ವಾಪಸ್ ಹೋಗುತ್ತವೆ. ಮಾಗಡೆವ್ವನನ್ನು ಆರಿಸಿದವರಿಗೆ ಕಥೆಯ ಕೊನೆಯಲ್ಲಿ ಅದನ್ನು ಬೀಳ್ಕೊಡುವ ಪಾಠ ಇದೆ. ಬರೆಯುವಾಗ ನನಗೇ ಕಣ್ಣು ತುಂಬಿತ್ತು.

ಚಿತ್ರ ಬರೆದದ್ದು ನನ್ನ ಹಳೆಯ ರೂಮ್‌ಮೇಟ್. ಈಗ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಕೆಲಗೇರಿ ಕೆರೆ, ಕಪ್ಪತಗುಡ್ಡ, ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ನಾನು ತೆಗೆದ ಫೋಟೋಗಳನ್ನು ಇಟ್ಟುಕೊಂಡು ಕ್ರಿಟಾ ಎಂಬ ಉಚಿತ ತಂತ್ರಾಂಶದಲ್ಲಿ ಬರೆದುಕೊಟ್ಟ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಉದ್ದ 1,507 ಮೀಟರ್, ಜಗತ್ತಿನಲ್ಲೇ ಉದ್ದನೆಯದು. ಅದರ ಈ ತುದಿಯಿಂದ ಆ ತುದಿಗೆ ಚಿಗರ್ಯಾ ಓಡುವ ಒಂದು ದೃಶ್ಯ ಇದೆ. ಗಂಟೆಗೆ 60 ಕಿಲೋಮೀಟರ್ ಅಂತ ಹಿಡಿದರೆ ಒಂದೂವರೆ ನಿಮಿಷ ಬೇಕು. ಮೊದಲು ಅಷ್ಟೇ ಹೊತ್ತು ಇಟ್ಟಿದ್ದೆ. ಓದುವವರಿಗೆ ಅದು ಉದ್ದ ಆಯಿತು, 20 ಸೆಕೆಂಡಿಗೆ ಇಳಿಸಿದೆ. ಪ್ರತಿ ಪಾತ್ರಕ್ಕೆ ಒಂದೇ ಮೈ, ಐದು ಮುಖ. ಸುಮ್ಮನಿರುವುದು, ನಗು, ಸಿಟ್ಟು, ಬೇಜಾರು, ಆಶ್ಚರ್ಯ. ಇದಕ್ಕಿಂತ ಹೆಚ್ಚು ಬೇಕಾಗಲಿಲ್ಲ.

ಗೇಮ್ ಕಟ್ಟಿದ್ದು ರೆನ್‌ಪೈಯಲ್ಲಿ, ವಿಶುವಲ್ ನಾವೆಲ್ ಮಾಡಲೆಂದೇ ಇರುವ ತಂತ್ರಾಂಶ. ಉಚಿತ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತದ್ದು, ಕಲಿಯಲು ಸುಲಭ. ಒಂದು ದೃಶ್ಯಕ್ಕೆ ಒಂದು ಲೇಬಲ್, ಆಯ್ಕೆಗೆ ಮೆನು, ಇಲ್ಲಿಂದ ಅಲ್ಲಿಗೆ ಹೋಗಲು ಜಂಪ್. ಇಷ್ಟು ಗೊತ್ತಿದ್ದರೆ ಒಂದು ವಾರದಲ್ಲಿ ಚಿಕ್ಕ ಕಥೆ ಮಾಡಬಹುದು. ಆದರೆ ಕನ್ನಡಕ್ಕೆ ಎರಡು ಕೆಲಸ ಮೊದಲೇ ಮಾಡಿಕೊಳ್ಳಬೇಕು. ಅದರ ಜೊತೆ ಬರುವ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಬರೀ ಚೌಕ ಚೌಕ ಕಾಣುತ್ತದೆ. ನಾನು ನೋಟೋ ಸಾನ್ಸ್ ಕನ್ನಡ ಫಾಂಟನ್ನು ಗೇಮ್ ಫೋಲ್ಡರಿನಲ್ಲಿ ಹಾಕಿ, ಪರದೆ ಹೇಗೆ ಕಾಣಬೇಕು ಅಂತ ಹೇಳುವ ಜಿಯುಐ ಫೈಲಿನಲ್ಲಿ ಅದರ ಹೆಸರು ಬರೆದೆ. ಇನ್ನೊಂದು ಒತ್ತಕ್ಷರದ್ದು. ನಾನು ಮೊದಲು ಬಳಸಿದ ಹಳೆಯ ಆವೃತ್ತಿಯಲ್ಲಿ "ಅಕ್ಕ" ಅಂತ ಬರೆದರೆ ಒತ್ತು ಕೆಳಗೆ ಬರದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಸರಿ ಹೋಯಿತು. ಸಾಲುಗಳ ನಡುವಿನ ಜಾಗವನ್ನೂ ಸ್ವಲ್ಪ ಹೆಚ್ಚಿಸಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಈಗ ಮಾತಿನ ವಿಷಯ. ನನ್ನ ಮೊದಲ ಕರಡಿನಲ್ಲಿ ಎಲ್ಲರೂ ಪುಸ್ತಕದ ಹಾಗೆ ಮಾತಾಡುತ್ತಿದ್ದರು. "ನೀನು ಎಲ್ಲಿಗೆ ಹೋಗುತ್ತಿದ್ದೀಯಾ?" ಅಂತ. ತಂಗಿಗೆ ಓದಿ ಹೇಳಿದೆ. ಎರಡು ಪುಟ ಕೇಳಿ, "ಅಣ್ಣಾ, ಇವ್ರು ಯಾವ ಊರಾವ್ರು?" ಅಂದಳು. ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕೂತ ಹುಡುಗರು ಹಾಗೆ ಮಾತಾಡುವುದಿಲ್ಲ. ಎಲ್ಲವನ್ನೂ ಮತ್ತೆ ಬರೆದೆ.

ನಮ್ಮ ಕಡೆ ಮಾತಿನಲ್ಲೇ ಊರು, ಮನೆ ಎರಡೂ ಗೊತ್ತಾಗುತ್ತದೆ. ನನ್ನ ಗೇಮಿನಲ್ಲಿ ಅಕಾಡೆಮಿಗೆ ಬಂದ ಇಬ್ಬರನ್ನೇ ನೋಡಿ. ರಾಣೆಬೆನ್ನೂರಿನ ಹತ್ತಿರದ ಹಳ್ಳಿಯ ಬಸು "ಏನಾಗೈತಿ" ಅನ್ನುತ್ತಾನೆ. ಧಾರವಾಡ ಪೇಟೆಯಲ್ಲೇ ಬೆಳೆದ ಶಾಂತಾ "ಏನಾಗ್ಯದ" ಅನ್ನುತ್ತಾಳೆ. ಅವನದು "ಓದಾಕತ್ತೀನಿ", ಅವಳದು "ಓದ್ಲಿಕ್ಕ ಹತ್ತೇನಿ". ಈ ಎರಡನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಹೆಸರು ತೋರಿಸದಿದ್ದರೂ ಯಾರು ಮಾತಾಡುತ್ತಿದ್ದಾರೆ ಅಂತ ಓದುವವರಿಗೆ ತಿಳಿಯತೊಡಗಿತು. ನಿರೂಪಣೆಯನ್ನು ಮಾತ್ರ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಇಟ್ಟೆ.

ಇನ್ನೊಂದು ಅನುಕೂಲ ಕನ್ನಡವೇ ಕೊಟ್ಟಿತು. ಓದುವವರು ಹುಡುಗನೋ ಹುಡುಗಿಯೋ ಅಂತ ಗೇಮ್ ಕೇಳುವುದೇ ಇಲ್ಲ. "ನಾ ಬಂದೆ", "ನೀ ಬಂದಿ" ಅನ್ನುವುದರಲ್ಲಿ ಗಂಡು ಹೆಣ್ಣಿನ ಭೇದ ಇಲ್ಲ. ಬೇರೆಯವರು ನಿಮ್ಮ ಬಗ್ಗೆ ಮಾತಾಡುವಾಗ "ಬಂದ", "ಬಂದ್ಳು" ಬರಬಾರದು, ಅಷ್ಟೇ. ಅಂಥ ಸಾಲುಗಳನ್ನು ಹುಡುಕಿ ಹುಡುಕಿ ತಿರುಗಿಸಿ ಬರೆದೆ.

ನಿಜವಾದ ಕೆಲಸ ಇದ್ದದ್ದು ಗೆಳೆತನ ತೋರಿಸುವಲ್ಲಿ. ಇಂಥ ಗೇಮುಗಳಲ್ಲಿ ಸಾಮಾನ್ಯವಾಗಿ ಮೂಲೆಯಲ್ಲಿ ಹೃದಯದ ಗುರುತು ಇರುತ್ತದೆ. ಗೆಳೆತನ ಬೆಳೆದಂತೆ ಅದು ತುಂಬುತ್ತದೆ. ನಾನೂ ಹಾಗೇ ಇಟ್ಟಿದ್ದೆ. ಒಳಗೆ "ಸ್ನೇಹ" ಅಂತ ಒಂದು ಲೆಕ್ಕ ಓಡುತ್ತಿತ್ತು. ಒಳ್ಳೆಯ ಉತ್ತರಕ್ಕೆ ಒಂದು ಕೂಡುತ್ತದೆ. ಅದರ ಮೇಲೆ ಬಸುವಿನ ಮಾತನ್ನು ಮೂರು ಹಂತದಲ್ಲಿ ಬರೆದಿದ್ದೆ. ಮೊದಲ ದಿನ ಖಾನಾವಳಿಯಲ್ಲಿ "ಬರ್ರಿ, ಕೂಡ್ರಿ. ಯಾವ ಊರ್ರಿ ನಿಮ್ದು?" ಅನ್ನುತ್ತಾನೆ. ಪರಿಚಯ ಆದಮೇಲೆ "ಬಾ, ಕುಂದ್ರು. ಊಟ ಆತೇನು?" ಅನ್ನುತ್ತಾನೆ. ಹತ್ತಿರದವರಾದ ಮೇಲೆ "ಲೇ, ಎಲ್ಲಿ ಹೋಗಿದ್ದಿಲೇ? ಬುತ್ತಿ ಬಂದೈತಿ, ಲಗೂ ಬಾ" ಅನ್ನುತ್ತಾನೆ.

ರೆನ್‌ಪೈಯಲ್ಲಿ ಮಾತಿನ ನಡುವೆ ಚೌಕ ಆವರಣ ಹಾಕಿದರೆ ಅಲ್ಲಿ ಬೇಕಾದ ಪದ ಬಂದು ಕೂರುತ್ತದೆ. ಕರೆಯುವ ಪದವನ್ನು ಹಾಗೆ ಬದಲಾಯಿಸಿದರೆ ಸಾಕು ಅಂದುಕೊಂಡಿದ್ದೆ. ಆಗಲಿಲ್ಲ. ಕನ್ನಡದಲ್ಲಿ "ರೀ" ಹೋದರೆ ಕ್ರಿಯಾಪದವೂ ಬದಲಾಗುತ್ತದೆ, ನಿಮ್ದು ನಿಂದು ಆಗುತ್ತದೆ, ಇಡೀ ಸಾಲಿನ ಓಟವೇ ಬೇರೆ. ಕೊನೆಗೆ ಬಸುವಿನ ಬಹುತೇಕ ಸಾಲುಗಳನ್ನು ಮೂರು ಸಲ ಬರೆದೆ. ಆರು ತಿಂಗಳು ಹೋಯಿತು. ಒಂದು ದಿನವೂ ವ್ಯರ್ಥ ಅನಿಸಲಿಲ್ಲ.

ಎಲ್ಲರಿಗೂ ಮೂರು ಹಂತ ಬೇಕಿಲ್ಲ. ಖಾನಾವಳಿಯ ಅಕ್ಕಾರು ಮೊದಲ ದಿನದಿಂದಲೇ ಎಲ್ಲರಿಗೂ "ಬಾ", "ಕುಂದ್ರು" ಅನ್ನುತ್ತಾರೆ. ಅಕಾಡೆಮಿಯ ಮಾಸ್ತರರು ಕೊನೆಯವರೆಗೂ ವಿದ್ಯಾರ್ಥಿಗಳಿಗೆ "ರೀ" ಬಿಡುವುದಿಲ್ಲ, ಅದು ಅವರ ಗೌರವ. ಅಕ್ಕಾರ ದೃಶ್ಯಕ್ಕೆ ಸಂಗೀತ ಹಾಕಿಲ್ಲ. ನಾನು ಮೊದಲು ಊಟ ಮಾಡುತ್ತಿದ್ದ ಖಾನಾವಳಿಗೆ ಹೋಗಿ, ಕೇಳಿಕೊಂಡು, ರೊಟ್ಟಿ ಬಡಿಯುವ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಅದೇ ಓಡುತ್ತದೆ.

ಅರ್ಧ ಆದಮೇಲೆ ತಂಗಿಗೆ ಆಡಲು ಕೊಟ್ಟೆ. ಬಸುವಿನ ಜೊತೆ "ಲೇ" ಅನ್ನುವವರೆಗೂ ಬಂದಿದ್ದಳು. ಮರುದಿನದ ದೃಶ್ಯಕ್ಕೆ ಬಂದವಳು ಫೋನ್ ಕೆಳಗಿಟ್ಟು, "ಅಣ್ಣಾ, ಬಸು ನನ್ ಮ್ಯಾಲೆ ಯಾಕ ಸಿಟ್ಟಾಗ್ಯಾನ?" ಅಂದಳು. ಹೋಗಿ ನೋಡಿದೆ. ಪರದೆಯ ಮೇಲೆ ಬಸು ನಗುತ್ತಲೇ ಇದ್ದಾನೆ. ಕೆಳಗೆ ಮಾತು ಮಾತ್ರ "ಬರ್ರಿ, ಕೂಡ್ರಿ" ಅಂತ.

ತಪ್ಪು ನನ್ನದೇ. ಸ್ನೇಹದ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡುವ ಸಾಲನ್ನು ಖಾನಾವಳಿ ಲೇಬಲಿನ ಒಳಗೆ ಬರೆದಿದ್ದೆ. ಕಥೆ ಖಾನಾವಳಿಗೆ ಜಂಪ್ ಮಾಡಿದಾಗಲೆಲ್ಲ ಲೆಕ್ಕ ಮತ್ತೆ ಸೊನ್ನೆ. ಆ ಸಾಲನ್ನು ಹೊರಗೆ ತೆಗೆದು "ಡಿಫಾಲ್ಟ್" ಅಂತ ಬರೆದೆ. ಆಗ ಅದು ಗೇಮ್ ಶುರುವಾಗುವಾಗ ಒಂದೇ ಸಲ ಓಡುತ್ತದೆ. ನೀವು ಮಾಡುವುದಾದರೆ ಇಂಥ ಎಲ್ಲ ಲೆಕ್ಕವನ್ನೂ ಮೊದಲ ದಿನದಿಂದಲೇ ಡಿಫಾಲ್ಟಿನಲ್ಲಿ ಇಡಿ.

ಸರಿ ಮಾಡಿದ್ದು ಹತ್ತು ನಿಮಿಷದಲ್ಲಿ. ಆದರೆ ತಂಗಿಯ ಮುಖ ರಾತ್ರಿಯೆಲ್ಲ ಕಣ್ಣ ಮುಂದೆ ಇತ್ತು. ಹೃದಯದ ಗುರುತು ಖಾಲಿ ಆಗಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಬಸುವಿನ ನಗುಮುಖವನ್ನೂ ನಂಬಲಿಲ್ಲ. ಒಂದು "ರೀ" ಅವಳಿಗೆ ಎಲ್ಲ ಹೇಳಿತ್ತು. ನಮ್ಮಲ್ಲಿ ಗೆಳೆಯ ಬೈದರೆ ಬೇಜಾರಿಲ್ಲ. ಅವನು ಬಹುವಚನಕ್ಕೆ ಹೋದರೆ ಎದೆ ಧಸಕ್ ಅನ್ನುತ್ತದೆ. ಮರುದಿನವೇ ಹೃದಯದ ಗುರುತು ತೆಗೆದು ಹಾಕಿದೆ. "ಗೆಳೆತನ ಕಡಿಮೆ ಆಯಿತು" ಅಂತ ಬರುತ್ತಿದ್ದ ಸಂದೇಶವನ್ನೂ ತೆಗೆದೆ.

ಆಮೇಲೆ ಆ "ರೀ"ಗೆಂದೇ ಒಂದು ದೃಶ್ಯ ಬರೆದೆ. ಇಡೀ ಗೇಮಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಬಸುವಿನ ಮನೆಯವರು ಗೋವಿನಜೋಳ ಬೆಳೆಯುವವರು. ಅಭಯಾರಣ್ಯದ ಸುತ್ತಲಿನ ರೈತರಿಗೆ ಚಿಗರಿ ಅಂದರೆ ಬರೀ ಚೆಂದದ ಪ್ರಾಣಿ ಅಲ್ಲ. ಎಳೆ ಬೆಳೆಗೆ ಹಿಂಡು ನುಗ್ಗಿದರೆ ಬಿತ್ತಿದ ಖರ್ಚೂ ಬರುವುದಿಲ್ಲ. ನೀವು ಚಿಗರ್ಯಾನನ್ನು ಆರಿಸಿದ್ದರೆ, ಬಸುವಿನ ಊರಿಗೆ ಹೋದ ರಾತ್ರಿ ಅದು ಹಗ್ಗ ಬಿಚ್ಚಿಕೊಂಡು ಹೋಗುತ್ತದೆ. ಬೆಳಿಗ್ಗೆ ಬಸು ಕೇಳುತ್ತಾನೆ, "ರಾತ್ರಿ ಚಿಗರ್ಯಾ ನಿನ್ ಕಡೆನ ಇತ್ತೇನ್ಲೇ?" ಎರಡೇ ಉತ್ತರ. "ಹೌದು" ಅನ್ನಬಹುದು, "ಇಲ್ಲ, ಹೊಲಕ್ಕ ಹೋಗಿತ್ತು" ಅನ್ನಬಹುದು. ನಿಜ ಹೇಳಿದರೆ ಅವನು ಬೈಯುತ್ತಾನೆ, ಜೋರಾಗಿ, "ಲೇ" ಅಂತಲೇ. ಮಧ್ಯಾಹ್ನ ಇಬ್ಬರೂ ಸೇರಿ ಹೊಲಕ್ಕೆ ಮುಳ್ಳಿನ ಬೇಲಿ ಹಾಕುತ್ತೀರಿ. ಸುಳ್ಳು ಹೇಳಿದರೆ ಏನೂ ಆಗುವುದಿಲ್ಲ. ಅವನು ಸುಮ್ಮನೆ ತಲೆಯಾಡಿಸುತ್ತಾನೆ. ಹೊಲದಲ್ಲಿ ಗೊರಸಿನ ಗುರುತು ಅವನು ಆಗಲೇ ನೋಡಿರುತ್ತಾನೆ. ಮರುದಿನ ಖಾನಾವಳಿಯಲ್ಲಿ ಜಾಗ ಮಾಡಿಕೊಟ್ಟು ಹೇಳುತ್ತಾನೆ, "ಬರ್ರಿ, ಕೂಡ್ರಿ."

ಆ ಸಾಲಿಗೆ ಬಸುವಿನ ಯಾವ ಮುಖ ಹಾಕಬೇಕು ಅಂತ ಡ್ರಾಯಿಂಗ್ ಮಾಸ್ತರ ಕೇಳಿದ. ನಗುಮುಖವನ್ನೇ ಇಟ್ಟೆವು.

ಗೇಮ್ ಮುಗಿದ ಮೇಲೆ ಆಂಡ್ರಾಯ್ಡ್ ಫೈಲ್ ಮಾಡಿ ಗೊತ್ತಿದ್ದವರಿಗೆಲ್ಲ ಉಚಿತವಾಗಿ ಕಳಿಸಿದೆ. ನಮ್ಮ ಓಣಿಯ ಎಂಟನೇ ಕ್ಲಾಸಿನ ಹುಡುಗನೊಬ್ಬ ನಮ್ಮ ಕಟ್ಟೆಯ ಮೇಲೆ ಕೂತು ಆಡುತ್ತಿದ್ದ. ಸುಳ್ಳಿನ ಉತ್ತರ ಒತ್ತಿದ್ದು ಕಂಡಿತು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಬೆರಳು ನಿಂತಿತು. ಆ ಸಾಲನ್ನು ಎರಡು ಸಲ ಓದಿದ. ನನ್ನ ಕಡೆ ತಿರುಗಲೂ ಇಲ್ಲ. ಹಿಂದಕ್ಕೆ ಹೋಗುವ ಗುಂಡಿ ಒತ್ತುತ್ತಾ ಒತ್ತುತ್ತಾ ಆ ಬೆಳಗಿನ ತನಕ ವಾಪಸ್ ಹೋದ. "ಇಲ್ಲ, ಹೊಲಕ್ಕ ಹೋಗಿತ್ತು" ಅನ್ನುವುದನ್ನು ಒತ್ತಿ, ಬಸು ಬೈಯುವುದನ್ನು ಪೂರ್ತಿ ಓದಿದ.