ಬೀಗ ತೆಗೆಯದೆ ವಿಂಡೋಸ್ 11 ಒಳಗೆ ಬರಲಿಲ್ಲ: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ಕೂತು ಅಡಿಕೆ ಬೆಳೆಗಾರರ, ಸಣ್ಣ ಅಂಗಡಿಯವರ ಲೆಕ್ಕಪತ್ರ ನೋಡಿಕೊಳ್ಳುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ವಾರಕ್ಕೆ ಎರಡು ಸಲವಾದರೂ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಶಿವಮೊಗ್ಗದ ಬಸ್ಸು ಹತ್ತುತ್ತೇನೆ. ಅದರೊಳಗೆ ಇರುವುದೆಲ್ಲ ಬೇರೆಯವರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್. ಬ್ಯಾಗ್ ಕಳೆದುಹೋದರೆ ಅವರ ಮುಖ ಹೇಗೆ ನೋಡಲಿ? ಅದಕ್ಕೇ ಕೆಲವು ವರ್ಷಗಳ ಹಿಂದೆ, ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕನ್ನು ಕಲಸಿಡುವ ತಂತ್ರಾಂಶವಾದ ವೆರಾಕ್ರಿಪ್ಟ್‌ನಿಂದ ಇಡೀ ಡಿಸ್ಕಿಗೆ ಬೀಗ ಹಾಕಿದ್ದೆ. ಆನ್ ಮಾಡಿದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟ ಮೇಲೇ ವಿಂಡೋಸ್ ಶುರು.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಆಗಸ್ಟ್‌ನಲ್ಲೇ 11ಕ್ಕೆ ಏರಿಸೋಣ ಅಂತ ಕೂತೆ. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇತ್ತು, ಪ್ರೊಸೆಸರ್ ಸರಿಯಿತ್ತು. ಆದರೂ ಸೆಟಪ್ ಅರ್ಧ ದಾರಿ ಹೋಗಿ, ರೀಸ್ಟಾರ್ಟ್ ಆಗಿ, ಮತ್ತೆ ಹಳೆಯ ವಿಂಡೋಸ್‌ಗೇ ವಾಪಸ್ ಬಂತು. ಎರಡನೇ ಸಲವೂ ಅದೇ ಕಥೆ.

ಆಮೇಲೆ ಕಾರಣ ಹೊಳೆಯಿತು. ರೀಸ್ಟಾರ್ಟ್ ಆದ ಮೇಲೆ ಸೆಟಪ್ ತನ್ನದೇ ಒಂದು ಪುಟ್ಟ ವಿಂಡೋಸ್ ಎಬ್ಬಿಸಿಕೊಂಡು ಕೆಲಸ ಮಾಡುತ್ತದೆ. ಅದರಲ್ಲಿ ವೆರಾಕ್ರಿಪ್ಟ್‌ನ ಡ್ರೈವರ್, ಅಂದರೆ ಬೀಗ ಹಾಕಿದ ಡಿಸ್ಕನ್ನು ಓದಿಸುವ ತುಣುಕು, ಇರುವುದಿಲ್ಲ. ಹಾಗಾಗಿ ಅದಕ್ಕೆ ನನ್ನ ಡಿಸ್ಕ್ ಬರೀ ಕಲಸುಮೇಲೋಗರ. ಬೀಗ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು, ಅಲ್ವಾ? ಸೆಟಪ್‌ಗೆ ಆ ಡ್ರೈವರ್ ಸೇರಿಸಿ ಕೊಡುವ ದಾರಿಯೂ ಇದೆ. ಆದರೆ ಬೇರೆಯವರ ಕಾಗದಪತ್ರ ಇರುವ ಯಂತ್ರದ ಮೇಲೆ ಪ್ರಯೋಗ ಮಾಡಲು ಮನಸ್ಸು ಒಪ್ಪಲಿಲ್ಲ. ಪೂರ್ತಿ ಬೀಗ ತೆಗೆದೇ ಮುಂದೆ ಹೋಗೋಣ ಅಂದುಕೊಂಡೆ.

ಮೊದಲು ಎಲ್ಲ ಫೈಲುಗಳ ಪ್ರತಿಯನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ತೆಗೆದೆ. ಅದಕ್ಕೂ ಪಾಸ್‌ವರ್ಡ್ ಹಾಕಿದೆ. ಏನಾದರೂ ಕೆಟ್ಟರೆ ಡಿಸ್ಕ್ ತೆರೆಯಲು ಬೇಕಾಗುವ ವೆರಾಕ್ರಿಪ್ಟ್ ರೆಸ್ಕ್ಯೂ ಡಿಸ್ಕಿನ ಪೆನ್‌ಡ್ರೈವ್ ಮೇಜಿನ ಮೇಲಿಟ್ಟುಕೊಂಡೆ. ಆಮೇಲೆ ವೆರಾಕ್ರಿಪ್ಟ್‌ನ ಸಿಸ್ಟಂ ಮೆನುವಿನಲ್ಲಿ ಶಾಶ್ವತವಾಗಿ ಡೀಕ್ರಿಪ್ಟ್ ಮಾಡುವ, ಅಂದರೆ ಬೀಗ ತೆಗೆಯುವ, ಆಯ್ಕೆ ಒತ್ತಿದೆ. ಒಂದು ಟಿಬಿಯ ಹಳೇ ಡಿಸ್ಕ್, ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಮಳೆ ಜೋರಾಯಿತು, ಕರೆಂಟ್ ಹೋಯಿತು. ಮಳೆಗಾಲದಲ್ಲಿ ಒಮ್ಮೆ ಹೋದ ಕರೆಂಟ್ ಯಾವಾಗ ಬರುತ್ತದೋ ಹೇಳಲಿಕ್ಕಾಗದು. ಬ್ಯಾಟರಿ ಇನ್ನೂ ಇರುವಾಗಲೇ ಕೆಲಸ ನಿಲ್ಲಿಸಿ, ಸರಿಯಾಗಿ ಶಟ್‌ಡೌನ್ ಮಾಡಿ ಮಲಗಿದೆ. ಬೆಳಗ್ಗೆ ನಿಂತಲ್ಲಿಂದಲೇ ಮುಂದುವರಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಪೂರ್ತಿಯಾಗಿ, ರೀಸ್ಟಾರ್ಟ್ ಮಾಡಿದಾಗ ಪಾಸ್‌ವರ್ಡ್ ಕೇಳಲಿಲ್ಲ. ಸಂಜೆಯೊಳಗೆ ವಿಂಡೋಸ್ 11 ಬಂದಾಗಿತ್ತು.

ಎಲ್ಲರೂ ಇಲ್ಲಿಗೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಬೀಗವಿಲ್ಲದ ಲ್ಯಾಪ್‌ಟಾಪನ್ನು ನಾನು ಒಂದು ದಿನವೂ ಬಸ್ಸಿಗೆ ಹತ್ತಿಸಲಿಲ್ಲ. ನನ್ನದು ವಿಂಡೋಸ್‌ನ ಪ್ರೊ ಆವೃತ್ತಿ, ಅದರಲ್ಲಿ ಮೈಕ್ರೋಸಾಫ್ಟ್‌ನದೇ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಜೊತೆಗೇ ಬರುತ್ತದೆ. ಆವತ್ತೇ ಆನ್ ಮಾಡಿದೆ. ಅದು ಬೀಗ ತೆರೆಯದೆ ಹೋದರೆ ಬಳಸಲು 48 ಅಂಕಿಯ ರಿಕವರಿ ಕೀ ಕೊಡುತ್ತದೆ, ಆರಾರು ಅಂಕಿಯ ಎಂಟು ಗುಂಪು. ಅದನ್ನು ಪೆನ್‌ಡ್ರೈವಿಗೆ ಉಳಿಸಿದೆ. ಕಾಗದದ ಮೇಲೂ ಇರಲಿ ಅನ್ನಿಸಿತು.

ಅಪ್ಪಯ್ಯ ಸ್ಕ್ರೀನ್ ನೋಡಿ ಓದಿದರು, ನಾನು ಲೆಕ್ಕದ ಪುಸ್ತಕದಲ್ಲಿ ಬರೆದೆ. ಆ ಕೀಲಿಯ ಪ್ರತಿ ಗುಂಪೂ 11ರಿಂದ ಭಾಗವಾಗುತ್ತದೆ ಅಂತ ನಾನು ಹೇಳಿದ್ದೇ ತಡ, ಅವರು ಪೆನ್ಸಿಲ್ ತೆಗೆದುಕೊಂಡರು. ಮಂಡಿಯಲ್ಲಿ ಲೆಕ್ಕ ಬರೆದ ಕೈ ಅದು. ಒಂದು ಬಿಟ್ಟು ಒಂದು ಅಂಕಿ ಕೂಡಿ, ಎರಡು ಮೊತ್ತ ಕಳೆದು, ಸೊನ್ನೆಯೋ ಹನ್ನೊಂದೋ ಇಪ್ಪತ್ತೆರಡೋ ಬಂದರೆ ಪಕ್ಕದಲ್ಲಿ ಚುಕ್ಕೆ. ಐದನೇ ಗುಂಪಿಗೆ ಚುಕ್ಕೆ ಬೀಳಲಿಲ್ಲ.

"ಇಲ್ಲಿ ಎಂತೋ ತಪ್ಪಿದೆ ಮಾರಾಯ, ಇನ್ನೊಂದ್ಸಲ ನೋಡು" ಅಂದರು. ನೋಡಿದರೆ, 6 ಇರಬೇಕಾದ ಜಾಗದಲ್ಲಿ ನಾನು 8 ಬರೆದಿದ್ದೆ. ತಿದ್ದಿದೆ. ಅವರು ಮತ್ತೆ ಕೂಡಿ, ಕಳೆದು, ಚುಕ್ಕೆ ಇಟ್ಟರು. ಆ ಪುಸ್ತಕ ಈಗ ಗೋದ್ರೇಜ್ ಬೀರುವಿನಲ್ಲಿ, ತೋಟದ ಪಹಣಿಯ ಜೊತೆ ಇದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅದರ ಫೋಟೋ ಕೂಡ ಇಲ್ಲ.